ಯಾಡಿ ಅಂದರೆ ಯಾದಿ ಅಲ್ಲ

ತುಳಜಾಳನ್ನು ನಾನು ಮೊದಲು ನೋಡಿದ್ದು 2022ರ ಜುಲೈ ತಿಂಗಳಲ್ಲಿ, ಒಂದು ಮಂಗಳವಾರ, ಮಧ್ಯಾಹ್ನ ಹನ್ನೆರಡೂವರೆಗೆ. ದಾಂಡೇಲಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ರುದ್ರೇಶನ ಮೊಬೈಲ್ ಅಂಗಡಿ ಇತ್ತು. ನನ್ನ ಫೋನು ಎರಡು ದಿನದಿಂದ ಚಾರ್ಜ್ ಆಗುತ್ತಿರಲಿಲ್ಲ. ಮುಂದಿನ ಗಾಜಿನ ಕಪಾಟಿನಲ್ಲಿ ಫೋನಿನ ಕವರುಗಳು, ಅದರ ಹಿಂದೆ ಪ್ಲೈವುಡ್ಡಿನ ಒಂದು ಮೇಜು. ಮೇಜಿನ ಮೇಲೆ ಭೂತಗನ್ನಡಿ ಕಟ್ಟಿದ ದೀಪ, ಸೈಕಲ್ ಕಡ್ಡಿ ಬಗ್ಗಿಸಿ ಮಾಡಿದ ಸ್ಟ್ಯಾಂಡಿನಲ್ಲಿ ಬೆಸುಗೆ ಕಡ್ಡಿ, ಒಂದು ಚೌಕಳಿ ನೋಟ್‌ಬುಕ್ಕು. ಅಲ್ಲಿ ಇಪ್ಪತ್ತಮೂರು ಇಪ್ಪತ್ತನಾಲ್ಕರ ಹುಡುಗಿಯೊಬ್ಬಳು ಕೂತಿದ್ದಳು. ತಲೆ ಎತ್ತಲಿಲ್ಲ. ಕೈ ಮಾತ್ರ ಚಾಚಿದಳು. ಫೋನು ಕೊಟ್ಟೆ.

"ಪಿನ್ ಹೋಗೇತ್ರಿ. ಇಪ್ಪತ್ತು ನಿಮಿಷ ಆಕ್ಕತಿ. ಕುಂದರ್ರಿ."

ಕೂತೆ. ನನ್ನ ಮೊಣಕೈ ಪಕ್ಕದಲ್ಲಿ ಅಂಗೈಯಗಲದ ಒಂದು ವಿಡಿಯೋ ಗೇಮ್ ತಾನೇ ಓಡುತ್ತಿತ್ತು. ಜೋಯಿಡಾ ದಾರಿಯ ರೆಸಾರ್ಟುಗಳಿಗೆ ಬರುವ ಪ್ರವಾಸಿಗರ ಮಕ್ಕಳ ಕೈಯಲ್ಲಿ ಇಂಥವನ್ನು ಕಂಡಿದ್ದೆ. ಪರದೆಯಲ್ಲಿ ಕಡಲ ದಂಡೆ, ಒಂದು ಮನೆ, ಬಾಗಿಲಲ್ಲಿ ಒಬ್ಬ ಹೆಂಗಸು. ಕೆಳಗೆ ಅಕ್ಷರಗಳು. ಕನ್ನಡ ಅಕ್ಷರಗಳು! ನಾನು ಬಗ್ಗಿ ಓದಿದೆ. "ಯಾಡಿ ಬಾಗಿಲಲಿ ನಿಂತಾಳ."

ನಾನು ಸಾಂಬ್ರಾಣಿ ಎಂಬ ಊರಿನವನು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವನು ನಾನೊಬ್ಬನೇ. ಆಗ ಕಾಲೇಜೊಂದರಲ್ಲಿ ಕನ್ನಡದ ಅತಿಥಿ ಉಪನ್ಯಾಸಕ. ಕಷ್ಟಪಟ್ಟು ಕಲಿತ ಕನ್ನಡವಾದ್ದರಿಂದ ಎಲ್ಲಿ ತಪ್ಪು ಕಂಡರೂ ಕೈ ಕಡಿಯುತ್ತಿತ್ತು.

"ಇಲ್ಲೊಂದು ಕಾಗುಣಿತ ತಪ್ಪೈತಿ," ಎಂದೆ. "ಯಾಡಿ ಅಲ್ಲ, ಯಾದಿ. ಪಟ್ಟಿ ಅಂತ ಅರ್ಥ."

ಕಪಾಟಿನ ಹತ್ತಿರ ನಿಂತಿದ್ದ ರುದ್ರೇಶ ಕೂಡಲೇ ತಿರುಗಿದ. "ನೋಡು, ಕನ್ನಡ ಸರ ಹೇಳಾಕತ್ತಾರ. ಯಾದಿ ಅಂತ. ತಿದ್ಕೋ." ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಮಾತಾಡುತ್ತ ರಸ್ತೆಗೆ ಇಳಿದುಹೋದ.

ಅವನು ಇನ್ನೆರಡು ನಿಮಿಷ ಅಲ್ಲೇ ನಿಂತಿದ್ದರೆ ಮುಂದಿನ ಕತೆಯೇ ಬೇರೆಯಾಗುತ್ತಿತ್ತು. ಯಾಕೆಂದರೆ ತುಳಜಾ ಆಗ ತಲೆ ಎತ್ತಿದಳು.

"ಸರ, ನೀವು ಮನಿಗೆ ಹೋದಕೂಡ್ಲೆ ಯಾರನ್ನ ಕರೀತೀರ್ರಿ? 'ಯಾದಿ, ಹಸಿವಾಗೇತಿ' ಅಂತೀರೇನು? ಪಟ್ಟೀ ಹೊಟ್ಟ್ಯಾಗ ಹುಟ್ಟೀರೇನು?"

ನಾನು ಪೆಚ್ಚಾದೆ. ಅವಳು ಬೆಸುಗೆ ಕಡ್ಡಿಯನ್ನು ಸ್ಟ್ಯಾಂಡಿಗೆ ಇಟ್ಟಳು. "ಯಾಡಿ ಅಂದ್ರ ಅವ್ವ. ನಾವು ಲಂಬಾಣಿ ಮಂದಿ."

"ಆಟ ಕನ್ನಡದಾಗೈತಲ್ಲ. ಅವ್ವ ಅಂತ ಬರೀಬಹುದಿತ್ತು."

"ಬರಿಯಾಕ ಬರೂದಿಲ್ರಿ ಇದರಾಗ." ನೋಟ್‌ಬುಕ್ಕು ತೆರೆದಳು. ಪುಟದ ತುಂಬ ಪೆನ್ಸಿಲ್ಲಿನಿಂದ ತುಂಬಿದ ಚೌಕಗಳು. ಒಂದೊಂದು ಅಕ್ಷರಕ್ಕೂ ಅಡ್ಡ ಹದಿನಾರು ಮನೆ, ಉದ್ದ ಹದಿನಾರು ಮನೆ. "ಇಷ್ಟ ಜಾಗಾ. ಒತ್ತು ಕೊಟ್ರ ಅದು ಕೆಳಗ ಇಳೀತೈತಿ. ಕೆಳಗಿನ ಸಾಲಿನ ತಲಿ ಮ್ಯಾಲ ಕುಂದರತೈತಿ. ಅದಕ್ಕ ಒತ್ತಕ್ಷರ ಇಲ್ಲದ ಮಾತಷ್ಟ ಬರೀತೇನಿ. ನಿಮ್ಮ ಕನ್ನಡದಾಗ ನೋಡ್ರಿ, ಅವ್ವ, ಅಪ್ಪ, ಅಕ್ಕ, ಅಣ್ಣ, ತಮ್ಮ, ಅಜ್ಜ... ಬಳಗದವ್ರೆಲ್ಲಾ ಕಾಲಾಗೊಂದು ಗಂಟು ಕಟಗೊಂಡ ನಿಂತಾರ. ಒಬ್ಬರೂ ಒಳಗ ಬರಾಂಗಿಲ್ಲ."

"ತಾಯಿ ಅಂದ್ರ?"

"ತಾಯೀ ಅಂತ ಬಾಗಿಲಿಗೆ ಬೇಡಾಕ ಬಂದೋರು ಕರೀತಾರ. ಮನ್ಯಾಗ ಯಾರ ಕರೀತಾರ್ರಿ?"

ಎಂ.ಎ. ಓದಿದ ಎರಡು ವರ್ಷದಲ್ಲಿ ಯಾರೂ ನನಗೆ ಈ ಪಾಠ ಹೇಳಿರಲಿಲ್ಲ. ಫೋನು ರಿಪೇರಿಯಾಯಿತು. ನಾನು ಎದ್ದು ಬರಲಿಲ್ಲ.

ತುಳಜಾ ಚಿಗಳ್ಳಿ ಹತ್ತಿರದ ತಾಂಡಾದವಳು. ಅಪ್ಪ ಖೇಮಪ್ಪ ಗೋವಾದಲ್ಲಿ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ. ಅವಳು ಹತ್ತು ವರ್ಷದವಳಿದ್ದಾಗ ಅಲ್ಲಿಂದ ಒಂದು ಹಳೆಯ ಕೈಗೇಮು ತಂದುಕೊಟ್ಟ. ಒಳಗಿದ್ದುದು ಒಂದೇ ಆಟ. ಹಡಗಿನ ಹುಡುಗನೊಬ್ಬ ಮನೆ ಬಿಟ್ಟು ದ್ವೀಪಗಳನ್ನು ಸುತ್ತುತ್ತಾನೆ. ಹೊರಡುವ ಮೊದಲು ಬಾಗಿಲಲ್ಲಿ ನಿಂತ ತಾಯಿ ಏನೋ ಹೇಳುತ್ತಾಳೆ. ಏನು ಹೇಳುತ್ತಾಳೆ? ಅಕ್ಷರಗಳು ಇಂಗ್ಲಿಷಿನಲ್ಲಿದ್ದವು. ತಾಂಡಾದ ಶಾಲೆಯಲ್ಲಿ ಕನ್ನಡವೇ ಅವಳಿಗೆ ಎರಡನೆಯ ಭಾಷೆ. ಏಳು ವರ್ಷ ಆ ಹೆಂಗಸು ಅವಳ ಮುಂದೆ ಬಾಯಿ ತೆರೆದು ಮುಚ್ಚುತ್ತಲೇ ಇದ್ದಳು. ಐಟಿಐ ಸೇರಿ, ಅರ್ಥಕೋಶ ಹಿಡಿದು ಓದಿದಾಗ ಗೊತ್ತಾಯಿತು. ತಾಯಿ ಹೇಳುತ್ತಿದ್ದುದು, ಉಂಡು ಹೋಗು ಎಂದು. ಅಷ್ಟೇ.

"ಏಳು ವರ್ಷ ಅಕಿ ಉಣ್ಣು ಅಂತ ಕರದಾಳ್ರಿ, ನಾ ಉಣ್ಣದ ಓಡ್ಯಾಡೇನಿ," ಎಂದು ಹೇಳಿ ನಕ್ಕಿದ್ದಳು. ಆಟವನ್ನು ಬಿಚ್ಚಿ ತನ್ನ ಅಕ್ಷರ ಹಾಕಬೇಕೆಂಬ ಹಟ ಹುಟ್ಟಿದ್ದು ಅಲ್ಲಿಂದ.

ಇದು ಕದ್ದ ಆಟ ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ಅವಳೂ ಮುಚ್ಚಿಡಲಿಲ್ಲ. ಅಂಗಡಿಯಲ್ಲಿ ಮಾರುವ ಅಗ್ಗದ ಕೈಗೇಮುಗಳಲ್ಲಿ ಸಾವಿರಗಟ್ಟಲೆ ಆಟಗಳನ್ನು ತುಂಬಿರುತ್ತಾರೆ. ಯಾವುದಕ್ಕೂ ಯಾರೂ ಒಪ್ಪಿಗೆ ಕೊಟ್ಟಿರುವುದಿಲ್ಲ. ಆ ಆಟ ಮಾಡಿದ ಪರದೇಶದ ಕಂಪನಿ ಅದನ್ನು ಮಾರುವುದನ್ನೇ ನಿಲ್ಲಿಸಿ ಎಷ್ಟೋ ವರ್ಷವಾಗಿತ್ತು. ಆದರೂ ಅದು ಅವರದೇ. ಅದರೊಳಗೆ ತುಳಜಾ ಹಾಕಿದ್ದು ಮಾತ್ರ ಅವಳದು. ಇನ್ನೂರ ನಲವತ್ತು ಅಕ್ಷರದ ಆಕಾರಗಳು, ಸುಮಾರು ಒಂಬೈನೂರು ಸಾಲು ಮಾತು.

ಆ ಮಾತುಗಳಿಗಾಗಿ ನಾನು ವಾರಕ್ಕೊಮ್ಮೆ ಅವಳ ಊಟದ ಬಿಡುವಿನಲ್ಲಿ ಹೋಗಿ ಕೂತೆ. ಒತ್ತಕ್ಷರ ಇಲ್ಲದ ಕನ್ನಡ ಹುಡುಕುವುದು ನನ್ನ ಕೆಲಸ. ಸಮುದ್ರ ಬೇಡ, ಕಡಲು. ಯುದ್ಧ ಬೇಡ, ಕಾಳಗ. ಶಕ್ತಿ ಬೇಡ, ಬಲ. ಬುತ್ತಿಗೆ ಬದಲು ಊಟದ ಗಂಟು ಎಂದಾಗ, "ಗಂಟು ಉದ್ದ ಆತು, ಒಂದ ಸಾಲಿನ್ಯಾಗ ಹಿಡಿಯೂದಿಲ್ಲ, ರೊಟಿ ಅಂತ ಬರೀಲೇನು?" ಎಂದು ಕೇಳಿದಳು. ತಪ್ಪಾಗುತ್ತದೆ ಎಂದೆ. "ತಪ್ಪ ರೊಟ್ಟಿನೂ ಹೊಟ್ಟಿ ತುಂಬತೈತ್ರಿ," ಎಂದಳು. ಕಡೆಗೆ 'ಊಟ' ಎಂದು ಒಪ್ಪಿದೆವು.

2024ರ ಮಾರ್ಚಿನಲ್ಲಿ ಆಟ ಮುಗಿಯಿತು. ಮೊದಲ ಪರದೆಯಲ್ಲಿ ನಿನ್ನ ಹೆಸರು ಹಾಕಿಕೋ ಎಂದೆ. ತುಳಜಾ ಎಂದು ಬರೆಯಲು ಒತ್ತೇನೂ ಬೇಕಿಲ್ಲ, ಆದರೂ ಹಾಕಿಕೊಳ್ಳಲಿಲ್ಲ. ಮೆಮೊರಿ ಕಾರ್ಡಿನಲ್ಲಿ ಒಯ್ದು ತಾಂಡಾದ ಹೆಣ್ಣುಮಕ್ಕಳ ಫೋನುಗಳಿಗೆ ಸುಮ್ಮನೆ ಹಾಕಿಕೊಟ್ಟಳು. ಅವಳ ತಾಯಿ ಫೂಲಿಬಾಯಿ ಓದು ಬಾರದವಳು. ಯಾರೋ ಓದಿ ಹೇಳಿದಾಗ, ಪೆಟ್ಟಿಗೆಯೊಳಗೆ ಯಾಡಿ ಇದ್ದಾಳೆಂದು ಮೂರು ದಿನ ಮನೆಮನೆಗೆ ಹೇಳಿಕೊಂಡು ಬಂದಳಂತೆ.

ಆಗಸ್ಟಿನಲ್ಲಿ ಪೂರ್ಣಿಮಾ ಎಂಬವಳು ಅಂಗಡಿಗೆ ಬಂದಳು. ಜೋಯಿಡಾ ಕಡೆಯ ಒಂದು ರೆಸಾರ್ಟಿನಲ್ಲಿ ಅಡುಗೆ ಮಾಡುವವಳು. ಅಲ್ಲಿ ಮಾರಾಟಕ್ಕಿಟ್ಟಿದ್ದ ಒಂದು ಕೈಗೇಮು ಹೊತ್ತಿಕೊಳ್ಳುತ್ತಿಲ್ಲವೆಂದು ತಂದಿದ್ದಳು. ತುಳಜಾ ಬ್ಯಾಟರಿಯ ತಂತಿ ಬೆಸೆದು ಗುಂಡಿ ಒತ್ತಿದಳು. ಪರದೆ ಬೆಳಗಿತು. ಮೊದಲು ನಾಲ್ಕು ಅಂಕಿಯ ಗುಟ್ಟಿನ ಸಂಖ್ಯೆ ಕೇಳಿತು. ಅದರ ಕೆಳಗೆ ಹೀಗಿತ್ತು:

"ಈ ಆಟ ನಕಲು ಮಾಡುವುದು ಅಪರಾಧ. ರುದರೇಶ."

ಅವಳು ಬರೆದ ಅಕ್ಷರಗಳೇ. 'ಧ'ದ ಹೊಟ್ಟೆ ಸೀಳುವ ಗೆರೆಗೆ ಜಾಗ ಸಾಲದೆ ಒಂದೇ ಚುಕ್ಕೆ ಇಟ್ಟಿದ್ದಳು. ಆ ಚುಕ್ಕೆಯೂ ಅಲ್ಲೇ ಇತ್ತು. ಅಂಗಡಿಯ ಕಂಪ್ಯೂಟರಿನಿಂದ ಕಡತ ಎತ್ತಿ, ಹುಬ್ಬಳ್ಳಿಯ ಯಾರಿಂದಲೋ ಬೀಗ ಹಾಕಿಸಿ, ರುದ್ರೇಶ ರೆಸಾರ್ಟುಗಳಲ್ಲಿ ಮಾರುತ್ತಿದ್ದ. ಬಿಟ್ಟಿ ಸಿಕ್ಕಿದ್ದಕ್ಕೆ ಬೀಗ! ಕದ್ದ ಮಾಲಿಗೆ ಕಳ್ಳತನ ಅಪರಾಧ ಎಂಬ ಫಲಕ! ಅದೂ ಯಾರ ಮನೆಗೆ ಕನ್ನ ಹಾಕಿದ್ದನೋ ಅವಳ ಅಕ್ಷರದಲ್ಲಿ. ಅವನ ಹೆಸರಿಗೆ ಬೇಕಾದ ಒತ್ತು ಅವಳ ಅಕ್ಷರಗಳಲ್ಲಿ ಇರಲಿಲ್ಲ. ಹಾಗಾಗಿ ರುದರೇಶ ಆಗಿದ್ದ. ಅದು ಕೂಡ ಅವನಿಗೆ ನಾಚಿಕೆ ತರಲಿಲ್ಲ.

ತುಳಜಾ ಅವನನ್ನೇ ಕೇಳಿದಳು. ಅವನು ಚಹಾ ಕುಡಿಯುತ್ತಲೇ ಉತ್ತರ ಕೊಟ್ಟನಂತೆ.

"ಕಂಪ್ಯೂಟರ್ ನಂದು. ಕರೆಂಟ್ ನಂದು. ಕುಂತ ಕುರ್ಚಿ ನಂದು. ಅಕ್ಷರ ಯಾವಾಗ ನಿಂದಾತವ್ವಾ?"

"ನಾ ಬರದೇನಲ್ಲ, ಅಣ್ಣಾ."

"ಬರದಿ. ಗೋಡಿ ಕಟ್ಟಿದ ಗೌಂಡ್ಯಾ ಮನಿ ನಂದಂತಾನೇನು? ನಿಮ್ಮಪ್ಪ ಗೋವಾದಾಗ ಎಷ್ಟ್ ಮನಿ ಕಟ್ಟ್ಯಾನ, ಒಂದರ ಕೀಲಿ ಕೊಟ್ಟಾರೇನು ಅವಗ?"

ಈ ಮಾತನ್ನು ಅವಳು ನನಗೆ ಹೇಳಿದ ದಿನ ನಾನು ಅಂಗಡಿಗೆ ಹೋಗಿ ಅವನ ಕಪಾಟಿನ ಗಾಜು ಒಡೆಯಬೇಕೆಂದುಕೊಂಡಿದ್ದೆ. ಒಡೆಯಲಿಲ್ಲ. ಓದಿದವರಾದ ಮೇಲೆ ನಾವು ಗಾಜು ಒಡೆಯುವುದಿಲ್ಲ, ಅರ್ಜಿ ಬರೆಯುತ್ತೇವೆ. ಆದರೆ ಅರ್ಜಿ ಬರೆಯಲು ಕೂತಾಗ ಮೊದಲನೆಯ ಸಾಲಿನಲ್ಲೇ ಕೈ ನಿಂತಿತು. 'ಈ ಆಟವನ್ನು ಬದಲಾಯಿಸಿದವಳು ನಾನು' ಎಂದು ಬರೆಯದೆ ಅವಳು ಏನನ್ನೂ ಕೇಳುವಂತಿರಲಿಲ್ಲ. ಹಾಗೆ ಬರೆದರೆ, ಒಪ್ಪಿಗೆ ಇಲ್ಲದೆ ಇನ್ನೊಬ್ಬರ ಆಟ ಬಿಚ್ಚಿದವಳು ಎಂದು ತಾನೇ ಸಹಿ ಹಾಕಿಕೊಟ್ಟಂತೆ. ಸುಮ್ಮನಿದ್ದರೆ ಅಕ್ಷರಗಳು ರುದ್ರೇಶನವು. ಬಾಯಿ ತೆರೆದರೆ ಕಳ್ಳಿ, ಮುಚ್ಚಿದರೆ ಅಕ್ಷರವೇ ಇಲ್ಲದವಳು. ಅವಳು ಕೆಲಸ ಬಿಡಲಿಲ್ಲ, ಏನೂ ಹೇಳಲೂ ಇಲ್ಲ. ತಲೆ ತಗ್ಗಿಸಿ ಪಿನ್ನು ಬೆಸೆಯುತ್ತಿದ್ದಳು.

ನವೆಂಬರ್ ಒಂದರ ಬೆಳಿಗ್ಗೆ ಒಂದು ಸಂಘದವರು ರಾಜ್ಯೋತ್ಸವ ಇಟ್ಟುಕೊಂಡಿದ್ದರು. ತಂತ್ರಜ್ಞಾನಕ್ಕೆ ಕನ್ನಡ ತಂದ ಸಾಧಕ ಎಂದು ರುದ್ರೇಶನಿಗೆ ಸನ್ಮಾನ. ಎರಡು ಮಾತಾಡಲು ನನ್ನನ್ನು ಕರೆದಿದ್ದರು. ಕರಪತ್ರದಲ್ಲಿ ಅವನ ಹೆಸರು ನೋಡಿ ನಾನು ಬರುವುದಿಲ್ಲ ಎಂದೆ. ತುಳಜಾ ಬಿಡಲಿಲ್ಲ.

"ಹೋಗೂಣು ಸರ. ಯಾಡೀನೂ ಕರಕೊಂಡು ಬರ್ತೇನಿ. ದೊಡ್ಡ ಪರದೇದಾಗ ತೋರಸ್ತಾರಂತ. ಅಕಿ ಒಮ್ಮೆರೆ ನೋಡ್ಲಿ."

ಸಭೆಯಲ್ಲಿ ನೂರು ನೂರಿಪ್ಪತ್ತು ಜನ ಇದ್ದರು. ಕೊನೆಯ ಸಾಲಿನಲ್ಲಿ ತುಳಜಾ, ಪಕ್ಕದಲ್ಲಿ ಸೆರಗು ಹೊದ್ದ ಫೂಲಿಬಾಯಿ. ರುದ್ರೇಶ ವೇದಿಕೆಯ ಮೇಲೆ ಗುಂಡಿ ಒತ್ತಿದ. ಗೋಡೆಯಗಲದ ಪರದೆಯಲ್ಲಿ ಮೂಡಿತು: "ರುದರೇಶ ಅವರ ಕನಡ ಆಟ."

ಕನಡ! ರಾಜ್ಯೋತ್ಸವದ ದಿನ! ಮುಂದಿನ ಸಾಲಿನಲ್ಲಿ ಒಬ್ಬರು ಕೆಮ್ಮಿದರು. ರುದ್ರೇಶ ಕೈ ಆಡಿಸಿದ. "ಫಾಂಟ್ ಸ್ವಲ್ಪ ಪ್ರಾಬ್ಲೆಮ್ ಐತ್ರಿ, ಸರಿ ಆಕ್ಕತಿ."

ಆಟ ಶುರುವಾಯಿತು. ಕಡಲು, ಮನೆ, ಬಾಗಿಲಲ್ಲಿ ಹೆಂಗಸು. "ಯಾದಿ ಬಾಗಿಲಲಿ ನಿಂತಾಳ." ನಾನು ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ. ಹುಡುಗ ಹೊರಟ. "ಯಾದಿ ಅಳತಾಳ."

ಹಿಂದಿನಿಂದ ಯಾರೋ ಕೂಗಿದರು. "ಯಾವ ಯಾದಿನಪಾ ಅದು? ರೇಷನ್ ಯಾದೀನ?"

"ಹೆಸರು ಬಿಟ್ಟಿರಬೇಕು, ಅದಕ್ಕ ಅಳಾಕತ್ತೈತಿ!"

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಎರಡು ವರ್ಷದ ಹಿಂದೆ ನಾನು ಆಡಿದ ಮಾತು ಗೋಡೆಯ ಮೇಲೆ ಅಳುತ್ತಿತ್ತು. ರುದ್ರೇಶ ಅಂದು ನನ್ನ ತಿದ್ದುಪಡಿ ಕೇಳಿಸಿಕೊಂಡಿದ್ದ, ಅವಳ ಉತ್ತರ ಕೇಳಿಸಿಕೊಂಡಿರಲಿಲ್ಲ. ಕದ್ದ ಮೇಲೆ, ಕನ್ನಡ ಮೇಷ್ಟರು ಹೇಳಿದ್ದಾರೆಂದು, ಯಾಡಿ ಇದ್ದಲ್ಲೆಲ್ಲ ಯಾದಿ ಮಾಡಿದ್ದ. ಎಷ್ಟು ಹೆಂಗಸರನ್ನು ನಾವು ಹೀಗೆ ಕಾಗುಣಿತ ತಿದ್ದಿ ಪಟ್ಟಿಗೆ ಸೇರಿಸಿದ್ದೇವೋ!

ನಗು ಇಳಿದಾಗ ಫೂಲಿಬಾಯಿಯ ದನಿ ಕೇಳಿತು. ಜನರ ಬಾಯಲ್ಲಿ ಯಾದಿ ಎಂಬುದನ್ನಷ್ಟೇ ಕೇಳಿ, ಮಗಳನ್ನು ತನ್ನ ಭಾಷೆಯಲ್ಲಿ ವಿಚಾರಿಸುತ್ತಿದ್ದಳು. ತುಳಜಾ ಎದ್ದು ನಿಂತು ಅದನ್ನೇ ಕನ್ನಡದಲ್ಲಿ ಹೇಳಿದಳು.

"ನಮ್ಮ ಯಾಡಿ ಕೇಳಾಕತ್ತಾಳ್ರಿ. ಇದರಾಗ ಯಾಡಿ ಇದ್ಲಲ್ಲ, ಎಲ್ಲಿ ಹೋದ್ಲು ಅಂತ."

ರುದ್ರೇಶ ನಗುನಗುತ್ತಲೇ ನನ್ನ ಕಡೆ ಕೈ ತೋರಿಸಿದ. "ಮೊದಲು ಹಂಗ ತಪ್ಪಿತ್ರಿ. ಈ ಸರನ ತಿದ್ದಿದ್ದು. ಕೇಳ್ರಿ ಬೇಕಾದ್ರ."

ನಾನು ಎದ್ದೆ. "ಹೌದು. ತಿದ್ದಿದ್ದು ನಾನು. ತುಳಜಾಳ ಮೇಜಿನ ಮ್ಯಾಲ, ತುಳಜಾ ಮಾಡಿದ ಆಟದಾಗ. ಅದು ತಪ್ಪಿರಲಿಲ್ಲ. ತಪ್ಪು ನಂದಿತ್ತು. ನನ್ನ ತಪ್ಪನ್ನೂ ಬಿಡದ ಕದ್ದಾನ ಈ ಮನಷ್ಯಾ."

ತುಳಜಾ ಎರಡು ಹೆಜ್ಜೆ ಮುಂದೆ ಬಂದಳು. "ರುದ್ರೇಶಣ್ಣಾ, ಅಕ್ಷರ ನೀ ಮಾಡಿದ್ದಾದ್ರ ಒಂದ ಕೆಲಸ ಮಾಡು. ನಿನ್ನ ಹೆಸರಿಗೆ ಒಂದ ಒತ್ತು ಕೊಟ್ಟು ತೋರಸು. ಬ್ಯಾಡ ಬಿಡು, ಇವತ್ತಿನ ದಿವಸ ಕನ್ನಡ ಅನ್ನೂದಕ್ಕರೆ ಕೊಡು."

ಅವನ ನಗು ಆಗ ಆರಿತು. ಮೈಕು ಹಿಡಿದ. "ಹಂಗಾರ ನೀನ ಮಾಡಿದ್ದೇನು? ಹೇಳು. ಪರದೇಶದ ಕಂಪನಿ ಆಟಾ ಒಡದು ನಕಲು ಮಾಡಿದಾಕಿ ನಾನು ಅಂತ ಎಲ್ಲಾರ ಮುಂದ ಹೇಳು ನೋಡೂಣು."

ಮೂರು ತಿಂಗಳಿಂದ ಅವಳನ್ನು ಬಾಯಿ ಮುಚ್ಚಿಸಿದ್ದ ಮಾತು ಅದೇ. ಅವಳು ಹಿಂದಕ್ಕೆ ತಿರುಗಿ ತಾಯಿಯ ಕಡೆ ಒಮ್ಮೆ ನೋಡಿದಳು.

"ನಾನ ಮಾಡೇನಿ," ಎಂದಳು. "ಬರಕೋರಿ."

ಸಂಘದ ಅಧ್ಯಕ್ಷ ಮಹಾಬಳೇಶ್ವರ ಎದ್ದು ಎರಡೂ ಕೈ ಎತ್ತಿದರು. "ಶುಭ ಕಾರ್ಯದಾಗ ಇದೆಲ್ಲಾ ಬ್ಯಾಡ. ಹೊರಗ ಕುಂತು ಬಗಿಹರಿಸ್ಕೋರಿ." ಶಾಲು ತರಿಸಿದ್ದರು, ಹಾರ ತರಿಸಿದ್ದರು, ಹಾಳಾಗಬಾರದಲ್ಲ. ರುದ್ರೇಶನಿಗೇ ಹೊದಿಸಿದರು. ಜನ ಚಪ್ಪಾಳೆಯನ್ನೂ ತಟ್ಟಿದರು. ಯಾದಿ ಅಳುತ್ತಿದೆ ಎಂದು ನಕ್ಕವರೇ ತಟ್ಟಿದರು. ಎಲ್ಲ ಗೊತ್ತಿದ್ದೂ ತಟ್ಟಿದ ಆ ಚಪ್ಪಾಳೆಯನ್ನು ನಾನು ಈವರೆಗೆ ಕ್ಷಮಿಸಿಲ್ಲ.

ಮೂರನೆಯ ದಿನ ತುಳಜಾಳಿಗೆ ಠಾಣೆಯಿಂದ ಕರೆ ಬಂತು. ತನ್ನ ಬೀಗ ಹಾಕಿದ ಆಟವನ್ನು ನಕಲು ಮಾಡಿ ತಾಂಡಾದಲ್ಲಿ ಹಂಚಿದ್ದಾಳೆಂದು ರುದ್ರೇಶ ದೂರು ಕೊಟ್ಟಿದ್ದ. ನಾನೂ ಜೊತೆಗೆ ಹೋದೆ. ಮೌನೇಶ ಎಂಬ ಹವಾಲ್ದಾರರು ನಿಧಾನದ ಮನುಷ್ಯ. ಒಂದು ಟೈಪು ಮಾಡಿದ ಹಾಳೆ ಮುಂದಿಟ್ಟರು. ರುದ್ರೇಶನೇ ಮಾಡಿಸಿ ತಂದ ಕ್ಷಮಾಪಣೆ ಪತ್ರ. 'ರುದ್ರೇಶ ಅವರು ಸಿದ್ಧಪಡಿಸಿದ ಕನ್ನಡ ಆಟವನ್ನು ನಾನು ತಿಳಿಯದೆ ನಕಲು ಮಾಡಿರುತ್ತೇನೆ.' ಇದಕ್ಕೆ ಸಹಿ ಹಾಕಿದರೆ ದೂರು ಹಿಂದಕ್ಕೆ.

"ಹಾಕವ್ವಾ," ಎಂದರು ಮೌನೇಶ. "ಒಂದ ಸಹಿ. ಇಲ್ಲಂದ್ರ ಕೋರ್ಟು ಕಚೇರಿ ಅಂತ ನಿನ್ನ ಚಪ್ಪಲಿ ಸವೀತಾವ."

ನಾನೂ ಹಾಕು ಎಂದೆ. ಹಾಗೆ ಹೇಳಿದ್ದನ್ನು ಮುಚ್ಚಿಡದೆ ಬರೆದುಬಿಡುತ್ತೇನೆ. ನನಗೆ ಹೆದರಿಕೆಯಾಗಿತ್ತು.

ಅವಳು ಪೆನ್ನು ತೆಗೆದುಕೊಂಡಳು. ಟೈಪು ಮಾಡಿದ ಸಾಲುಗಳ ಮೇಲೆ ಉದ್ದಕ್ಕೆ ಗೆರೆ ಎಳೆದಳು. ಅಂಚಿನಲ್ಲಿ ಮೂರು ಸಾಲು ಬರೆದಳು. 'ಆಟ ಪರದೇಶದ ಕಂಪನಿಯದು. ಅದನ್ನು ಬಿಚ್ಚಿದ್ದು ನಾನು, ಅವರು ಕೇಳಿದರೆ ಅವರಿಗೆ ಉತ್ತರ ಕೊಡುತ್ತೇನೆ. ಅಕ್ಷರಗಳು ನನ್ನವು, ರುದ್ರೇಶನವು ಅಲ್ಲ.' ಕಾಗದದ ಮೇಲೆ ಒತ್ತಿಗೆ ಜಾಗವಿತ್ತು. ಅವನ ಹೆಸರನ್ನೂ ಅವಳು ಒತ್ತು ಕೊಟ್ಟು ಸರಿಯಾಗಿಯೇ ಬರೆದಳು.

ಮೌನೇಶ ಓದಿದರು. ಹಾಳೆ ಮಡಚಿ ಡ್ರಾಯರಿನಲ್ಲಿಟ್ಟರು. "ಕಂಪನಿಯವ್ರು ಬರೂತನಕ ನಾ ಏನ ಮಾಡ್ಲಿ? ಹೋಗ್ರಿ," ಎಂದರು. ಕಂಪನಿಯವರು ಈವರೆಗೆ ಬಂದಿಲ್ಲ. ರುದ್ರೇಶ ಅಂದೇ ಅವಳನ್ನು ಕೆಲಸದಿಂದ ತೆಗೆದ. ಅಂಗಡಿಯ ಕಂಪ್ಯೂಟರಿನಲ್ಲಿದ್ದ ಎಲ್ಲವೂ ಹೋಯಿತು. ಉಳಿದದ್ದು ಚೌಕಳಿ ನೋಟ್‌ಬುಕ್ಕು, ಒಂದು ಮೆಮೊರಿ ಕಾರ್ಡು. ಅವನು ಈಗಲೂ ಆ ಕೈಗೇಮು ಮಾರುತ್ತಾನೆ. ಈಗಲೂ ಅದರಲ್ಲಿ ಯಾದಿ ಬಾಗಿಲಲ್ಲಿ ನಿಂತು ಅಳುತ್ತಾಳೆ.

ಆಮೇಲೆ ತುಳಜಾ ಒಂದನ್ನು ಬದಲಿಸಿದಳು. ಇಡೀ ಆಟವನ್ನು ಯಾರಿಗೂ ಕೊಡುವುದಿಲ್ಲ. ತನ್ನ ಅಕ್ಷರ ಮತ್ತು ಮಾತುಗಳನ್ನಷ್ಟೇ ಬೇರೆ ಮಾಡಿ ಒಂದು ಪುಟ್ಟ ಕಡತ ಕಟ್ಟಿದ್ದಾಳೆ. ಆಟ ಇದ್ದವರು ಅದನ್ನು ತಮ್ಮ ಆಟಕ್ಕೆ ಹಚ್ಚಿಕೊಳ್ಳಬೇಕು. ಹರಿದ ಲಂಗಕ್ಕೆ ಫೂಲಿಬಾಯಿ ಹಚ್ಚುವ ಹಾಗೆ. ಅದಕ್ಕೆ ಅವಳು ತೇಪೆ ಎನ್ನುತ್ತಾಳೆ. "ಅರಿವಿ ಅವರದು, ತೇಪಿ ನಂದು. ಇದನ್ನ ಕದಿಯಾಕ ಏನೂ ಇಲ್ರಿ, ಬಿಟ್ಟಿನ ಐತಿ." ತೇಪೆಗೆ ಬೀಗ ಇಲ್ಲ. ತೆರೆದರೆ ಮೊದಲ ಸಾಲು, "ಮಾಡಿದಾಕಿ: ತುಳಜಾ."

ತುಳಜಾ ಈಗ ಮುಂಡಗೋಡದಲ್ಲಿ ಬಾಡಿಗೆಯ ಸಣ್ಣ ಅಂಗಡಿಯಲ್ಲಿ ಮೊಬೈಲು, ಕೈಗೇಮು ರಿಪೇರಿ ಮಾಡುತ್ತಾಳೆ. ಗಿರಾಕಿ ಇಲ್ಲದಾಗ ಚೌಕಳಿ ಪುಸ್ತಕದಲ್ಲಿ ಒಂದು ಅಕ್ಷರಕ್ಕೆ ಉದ್ದ ಇಪ್ಪತ್ತನಾಲ್ಕು ಮನೆ ಹಾಕಿಕೊಂಡು ಒತ್ತಕ್ಷರಗಳನ್ನು ಬರೆಯುತ್ತಾಳೆ.